ಅರ್ಧಕ್ಕೆ ನಿಂತ ಕೆಚ್ಚು

"ಗುರುಗಳೇ, ಸಾವಿನ ಭಯ ಎಲ್ಲರಿಗೂ ಇದ್ದದ್ದೇ, ಬದುಕಿನ ಅರ್ಥವನ್ನು ನೀನೇ ಕಟ್ಟಿಕೋ ಎನ್ನುತ್ತದೆ ಮನಶ್ಶಾಸ್ತ್ರ. ಅರ್ಥ ದೇವರ ಕೈಯಲ್ಲಿದೆ, ಅವನಿಗೆ ಒಪ್ಪಿಸಿಬಿಡು ಎನ್ನುತ್ತದೆ ಧರ್ಮ. ನಾನು ಯಾವುದನ್ನು ಹಿಡಿಯಲಿ?"

ಕೇಳಿದವನು ಮಠದ ಶಿಷ್ಯ ಚನ್ನವೀರ. ತಾಯಿ ತೀರಿಕೊಂಡು ತಿಂಗಳಾಗಿತ್ತು. ಅಂದಿನಿಂದ ಅವನು ಪುಸ್ತಕದ ಕೋಣೆ ಬಿಟ್ಟು ಹೊರಬಂದದ್ದೇ ಕಡಿಮೆ. ತಿಂಗಳಿಡೀ ಊರೂರು ತಿರುಗಿ ಆಗಷ್ಟೇ ಮಠಕ್ಕೆ ಮರಳಿದ್ದ ಗುರುಗಳು ಅವನ ಇಳಿದ ಮುಖ ನೋಡಿ ಪಕ್ಕದಲ್ಲಿ ಕೂರಿಸಿಕೊಂಡರು.

"ಪ್ರಶ್ನೆ ದೊಡ್ಡದು ಮಾರಾಯ. ನನಗೆ ಗೊತ್ತಿರುವುದು ಒಂದು ಸಣ್ಣ ಕತೆ," ಎಂದು ಹೇಳತೊಡಗಿದರು.

ಸೀರೆ ನೇಯುವ ಒಬ್ಬ ನೇಕಾರನಿದ್ದ. ಮಗ್ಗದಲ್ಲಿ ಹಾಸಿನ ಉದ್ದೆಳೆಗಳು ಮುಗಿದರೆ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಆ ಮನೆಯಲ್ಲಿ ಅದು ಹೆಂಡತಿಯ ಕೆಲಸ. ಒಂದು ದಿನ ಅರ್ಧ ಕೆಚ್ಚಿ, ಉಳಿದದ್ದು ನಾಳೆ ಎಂದು ಎದ್ದವಳು ತೀರಿಕೊಂಡಳು.

ನೇಕಾರ ಮಗ್ಗ ಮುಟ್ಟಲಿಲ್ಲ. ನಾನೂ ಹೀಗೇ ಅರ್ಧಕ್ಕೆ ಎದ್ದು ಹೋಗುವವನೇ, ಯಾಕಾಗಿ ನೇಯಲಿ ಎಂದುಕೊಂಡ. ಮನಸ್ಸಿನ ಡಾಕ್ಟರ ಹತ್ತಿರ ಹೋದ. "ನಿನ್ನ ಬದುಕನ್ನು ನೀನೇ ಮುಂದುವರಿಸಬೇಕು" ಎಂದರು. ಸರಿಯೆನಿಸಿ ಮಗ್ಗದ ಮುಂದೆ ಕೂತ. ಕೈ ಏಳಲಿಲ್ಲ. ಗುಡಿಗೆ ಹೋದ. "ಶಿವನ ಮೇಲೆ ಭಾರ ಹಾಕು" ಎಂದರು ಅಯ್ಯನವರು. ಅದೂ ಸರಿಯೆನಿಸಿತು. ಭಾರ ಹಾಕಿ ಕೂತ. ಎಳೆಗಳು ನೇತಾಡುತ್ತಲೇ ಇದ್ದವು. ಡಾಕ್ಟರೂ ಸುಳ್ಳು ಹೇಳಿರಲಿಲ್ಲ, ಅಯ್ಯನವರೂ ಹೇಳಿರಲಿಲ್ಲ.

ಕೊನೆಗೊಂದು ದಿನ ಹೆಂಡತಿ ಕೆಚ್ಚಿದ್ದನ್ನೆಲ್ಲ ಕತ್ತರಿಸಿ ಮಗ್ಗ ಬಿಚ್ಚಿಹಾಕಲು ಕತ್ತರಿ ತಂದ. ಪಕ್ಕದ ಮನೆಯ ಮುದುಕಿ ಕಂಡು ಒಳಗೆ ಬಂದಳು. ಕತ್ತರಿ ಕಿತ್ತುಕೊಂಡು, ಎಳೆ ಜಾರದಂತೆ ಒಲೆಯ ಬೂದಿಯನ್ನು ಅವನ ಬೆರಳಿಗೆ ಹಚ್ಚಿ, ಎದುರಿಗೆ ಕೂತು ಒಂದು ಹೊಸ ಎಳೆ ಹಿಡಿದಳು.

"ಅಕಿ ಇಲ್ಲೀತನಕ ಕೆಚ್ಚ್ಯಾಳ, ಮುಂದಿಂದು ನಿಂದು. ಹೊಸಿಯೋದು ನೀನ ಹೊಸೀಬೇಕು ತಮ್ಮಾ. ಅದು ಗಟ್ಟಿ ನಿಲ್ಲೋದು ಶಿವಗ ಬಿಡು. ನಾ ಎಳಿ ಹಿಡಕೊಂಡು ಇಲ್ಲೇ ಕುಂದರ್ತೀನಿ."

ಅವನು ಅಳುತ್ತಲೇ ಹೊಸೆದ. ಬಿಚ್ಚಿಕೊಂಡಿತು. ಮುದುಕಿ ನಕ್ಕು, ಅದೇ ಎಳೆಯನ್ನು ಮತ್ತೆ ಹಿಡಿದಳು.

ಗುರುಗಳು ಕತೆ ನಿಲ್ಲಿಸಿದರು.

"ಅವನ ಭಯ ಹೋಯಿತೇ?" ಚನ್ನವೀರ ಕೇಳಿದ.

"ಇಲ್ಲ. ಸೀರೆ ಮುಗಿಯಿತು."

"ಹಾಗಾದರೆ ಡಾಕ್ಟರ ಮಾತು ಹೆಚ್ಚೋ, ಅಯ್ಯನವರದೋ?"

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಒಂದು ತಿಂಗಳು ಒಬ್ಬನೇ ಕೂತೆಯಲ್ಲೋ ಮಗನೇ, ನನಗೊಂದು ಮಾತು ಹೇಳಿಕಳಿಸಬಾರದಿತ್ತೇ?"