ಕೊನೆಯ ಶೀಶೆಯ ಅತ್ತರು

ವಿಜಯಪುರದ ಹಳೇ ಪೇಟೆಯಲ್ಲಿ ಮಕ್ತುಮಸಾಬ ಎಂಬ ಅತ್ತರಿನ ವ್ಯಾಪಾರಿ ಇದ್ದ. ಗುಲಾಬಿ, ಮಲ್ಲಿಗೆ, ಕೇದಿಗೆಯ ಅತ್ತರನ್ನು ಎಲ್ಲರಂತೆ ಅವನೂ ಮಾರುತ್ತಿದ್ದ. ಆದರೆ ಜನ ಅವನ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದುದು ಅವನು ಕೈಯಾರೆ ಇಳಿಸುತ್ತಿದ್ದ ಇನ್ನೊಂದು ಅತ್ತರಿಗಾಗಿ. ಅದರಲ್ಲಿ ಹೂವಿನ ಸುಳಿವೇ ಇರಲಿಲ್ಲ. ಅಸ್ಸಾಮಿನ ಕಡೆಯಿಂದ ತರಿಸಿದ ಊದಿನ, ಅಂದರೆ ಅಗರು ಮರದ, ಕಟ್ಟಿಗೆ ಒಂದು, ಹೊಳೆದಂಡೆಯಿಂದ ಕಿತ್ತು ತಂದ ಲಾವಂಚದ ಬೇರು ಇನ್ನೊಂದು. ಎರಡನ್ನೂ ಬೇರೆ ಬೇರೆ ಬಟ್ಟಿ ಇಳಿಸಿ, ಆಮೇಲೆ ಹದ ನೋಡಿ ಕೂಡಿಸುತ್ತಿದ್ದ. ಮಣಿಕಟ್ಟಿಗೆ ಒಂದು ಹನಿ ಸವರಿಕೊಂಡರೆ ಮೊದಲು ಹಳೇ ಮರದ ಪೆಟ್ಟಿಗೆ ತೆರೆದಂತೆ ಘಮ್ಮೆನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ, ಬಿಸಿಲಿಗೆ ಕಾದ ಅಂಗಳಕ್ಕೆ ನೀರು ಚಿಮುಕಿಸಿದಂತೆ ತಂಪಾಗುತ್ತಿತ್ತು.

ಯಾವುದು ಎಷ್ಟು ಪಾಲು ಎಂದು ಅವನು ಯಾರಿಗೂ ಹೇಳಿರಲಿಲ್ಲ. ಮುಚ್ಚಿಡುವ ಸ್ವಭಾವದವನಲ್ಲ, ಕೇಳಿದರೆ, "ಅದು ಮೂಗಿಗೆ ಗೊತ್ತು, ನನಗ ಗೊತ್ತಿಲ್ಲ" ಎನ್ನುತ್ತಿದ್ದ. ಮಗಳು ದಿಲಶಾದಳಿಗೆ ಬರುವ ಚಳಿಗಾಲದಲ್ಲಿ ಕಲಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಚಳಿಗಾಲ ಬರುವ ಮೊದಲೇ ಹಾಸಿಗೆ ಹಿಡಿದ, ಮತ್ತೆ ಏಳಲಿಲ್ಲ.

ಅವನು ಹೋದಮೇಲೆ ಅಂಗಡಿಯಲ್ಲಿದ್ದ ಆ ಅತ್ತರೆಲ್ಲ ಖಾಲಿಯಾಗುತ್ತ ಬಂದು ಒಂದೇ ಒಂದು ಶೀಶೆ ಉಳಿಯಿತು. ಹೆಂಡತಿ ಖಾತುನಬಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದಳು. ತನ್ನ ಟ್ರಂಕಿನೊಳಗೆ ಸೀರೆಗಳ ನಡುವೆ ಇಟ್ಟು ಬೀಗ ಹಾಕಿದಳು. ಮಧ್ಯಾಹ್ನ ಓಣಿಯ ಸದ್ದಡಗಿದ ಮೇಲೆ ಟ್ರಂಕು ತೆರೆಯುವಳು. ಬಿರಡೆ ಬಿಚ್ಚಿ ಒಮ್ಮೆ ಮೂಸುವಳು. ಕಣ್ಣೊರೆಸಿಕೊಂಡು ಮತ್ತೆ ಮುಚ್ಚುವಳು.

ಒಂದು ದಿನ ದಿಲಶಾದ ಕೇಳಿಯೇ ಬಿಟ್ಟಳು. "ಅಮ್ಮಾ, ಆ ಶೀಶೆ ನನಗ ಕೊಡು. ಅದನ್ನ ಮುಂದಿಟ್ಟುಕೊಂಡು ಹೊಂದಿಸಿಕೋತ ಹೋದ್ರ ನಾನೂ ಮಾಡೇನು."

"ಮೂಸಬೇಕಾದ್ರ ಟ್ರಂಕಿನ ಮುಂದ ಕುಂತು ಮೂಸು."

"ಅಷ್ಟಕ್ಕ ತಿಳಿಯೂದಿಲ್ಲಮ್ಮ. ಕೈಗೆ ಹಚ್ಚಿಕೊಂಡು, ಮುಂಜಾನಿಂದ ಸಂಜೀತನಕ ಅದು ಹೆಂಗ ತಿರಗತೈತಿ ನೋಡಬೇಕು. ಅತ್ತರ ಖರ್ಚ ಆಗತೈತಿ."

"ಖರ್ಚ ಆದ್ರ ನಿಮ್ಮ ಅಬ್ಬಾ ಇನ್ನೊಮ್ಮೆ ಸತ್ತಂಗ. ಆ ಮಾತ ಎತ್ತಬ್ಯಾಡ."

ಇತ್ತ ಅಂಗಡಿಗೆ ಬಂದವರು ಆ ಅತ್ತರನ್ನು ಕೇಳಿ, ಇಲ್ಲವೆಂದಾಗ ಹಾಗೇ ತಿರುಗಿ ಹೋಗುತ್ತಿದ್ದರು. ಆಮೇಲಾಮೇಲೆ ಕೇಳುವವರೂ ಬರದಾದರು. ಖಾತುನಬಿಯ ಮೈದುನ ಬಂದು, "ವೈನಿ, ಚಪ್ಪಲಿ ವ್ಯಾಪಾರದವರು ಅಂಗಡಿ ಕೇಳಾಕತ್ತಾರ. ಬಿಟ್ಟುಕೊಡೂದ ಚಲೋ" ಎಂದ. ಖಾತುನಬಿ "ಆಗಲಿ" ಎಂದಳು.

ಬಟ್ಟಿಯ ತಾಮ್ರದ ಹಂಡೆಗಳನ್ನು ಮಾರಿಬಿಡುವುದೆಂದು ದಿಲಶಾದ ಅಂಗಳದಲ್ಲಿ ಕುಳಿತು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ತಿಕ್ಕುತ್ತ ತಿಕ್ಕುತ್ತ ಕೈ ನಿಲ್ಲಿಸಿ ಕೇಳಿದಳು. "ಅಮ್ಮಾ, ಬಟ್ಟಿಗೆ ಬೆಂಕಿ ಹಚ್ಚೂ ಮುಂದ ಅಬ್ಬಾ ಏನೋ ಒಂದು ಹಾಡ ಗುನುಗತಿದ್ದರಲ್ಲ, ಯಾವುದದು?"

ಖಾತುನಬಿ ಬಾಯಿ ತೆರೆದಳು. ಹಾಡು ಬರಲಿಲ್ಲ. ಎಷ್ಟು ಸಲ ಕೇಳಿದ ಹಾಡು! ಒಂದು ಸಾಲೂ ನೆನಪಿಗೆ ಬರಲಿಲ್ಲ.

ಅವಳು ಒಳಗೆ ಓಡಿದಳು. ಟ್ರಂಕು ತೆರೆದು ಶೀಶೆಯನ್ನು ಮೂಗಿಗೆ ಹಿಡಿದಳು. ವಾಸನೆ ಬಂತು. ಅದರ ಜೊತೆಗೆ ಬಂದದ್ದು ಗಂಡ ಮಲಗಿದ್ದ ಮಂಚ, ಬೆಳಗಾದರೆ ತಾನು ಅತ್ತರು ಸವರುತ್ತಿದ್ದ ಅವನ ಸಣಕಲು ಮಣಿಕಟ್ಟು, ಕೊನೆಯ ಸ್ನಾನಕ್ಕೆ ಕಾಯಿಸಿದ ನೀರು. ಅದರಾಚೆಗೆ ಏನೂ ಇಲ್ಲ. ಮದುವೆಯಾದ ಹೊಸತರ ಗಂಡನ ಮುಖವನ್ನು ಕರೆದಳು, ಬರಲಿಲ್ಲ. ಶೀಶೆಯೊಳಗೆ ಗಂಡನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಳು. ಇಷ್ಟು ದಿನ ಅವಳು ಕಾಪಾಡಿಕೊಂಡು ಬಂದದ್ದು ಅವನ ಸಾವನ್ನು.

ಹೊರಗೆ ಬಂದು ಶೀಶೆಯನ್ನು ಮಗಳ ಮಡಿಲಿಗೆ ಹಾಕಿದಳು. "ತಗೋ. ಹಂಡೆ ಮಾರಬ್ಯಾಡ. ಅಂಗಡಿ ಬಿಡೂದಿಲ್ಲ ಅಂತ ನಿಮ್ಮ ಕಾಕಾಗ ನಾ ಹೇಳ್ತೀನಿ."

ದಿಲಶಾದ ಕೆಲಸಕ್ಕೆ ಇಳಿದಳು. ಮೊದಲ ಸಲ ಊದಿನ ಚಕ್ಕೆ ಸಾಕಷ್ಟು ನೆನೆದಿರಲಿಲ್ಲ, ಬರೀ ಹೊಗೆಯ ಕಮಟು. ಇನ್ನೊಮ್ಮೆ ಲಾವಂಚ ಹಸಿಹಸಿಯಾಗಿ ಮೂಗಿಗೆ ಚುಚ್ಚಿತು. ಪ್ರತಿಸಲವೂ ಅಪ್ಪನ ಅತ್ತರನ್ನು ಒಂದು ಕೈಗೆ, ತನ್ನದನ್ನು ಇನ್ನೊಂದು ಕೈಗೆ ಹಚ್ಚಿಕೊಂಡು ಸಂಜೆಯವರೆಗೂ ಮೂಸುತ್ತಿದ್ದಳು. ಶೀಶೆ ಇಳಿಯುತ್ತ ಬಂತು. ಖಾತುನಬಿ ದೂರ ಕುಳಿತು ನೋಡುತ್ತಿದ್ದಳು. ಶೀಶೆಯನ್ನು ಕಿತ್ತುಕೊಳ್ಳೋಣ ಎನಿಸುತ್ತಿತ್ತು, ಆದರೂ ಬೇಡ ಎನ್ನಲಿಲ್ಲ.

ಒಂದು ಬೆಳಿಗ್ಗೆ ಮಗಳು ಲಾವಂಚದ ಬೇರನ್ನು ಗಸಗಸ ತಿಕ್ಕಿ ತೊಳೆಯುವುದನ್ನು ಕಂಡು ಖಾತುನಬಿ ಕೂಗಿದಳು. "ಅಷ್ಟು ತಿಕ್ಕಬ್ಯಾಡ! ಎಲ್ಲಾ ಮಣ್ಣ ತೊಳದ್ರ ಬೇರಿಗೆ ತನ್ನ ಹೊಳಿ ಮರತಹೋಗತೈತಿ."

ದಿಲಶಾದ ತಲೆಯೆತ್ತಿ ತಾಯಿಯನ್ನು ನೋಡಿದಳು. ಅದು ಖಾತುನಬಿಯ ಮಾತಾಗಿರಲಿಲ್ಲ. ಮದುವೆಯಾಗಿ ಬಂದ ವರುಷ, ಗಂಡ ಮೆಚ್ಚಲೆಂದು ಅವಳು ಬೇರನ್ನು ಬೆಳ್ಳಗಾಗುವ ತನಕ ತೊಳೆದಿದ್ದಳು. ಆಗ ಮಕ್ತುಮಸಾಬ ಅವಳ ಒದ್ದೆ ಕೈ ಹಿಡಿದು ನಿಲ್ಲಿಸಿ ಹೇಳಿದ್ದ ಮಾತು ಅದು. ಅವನ ಗಡ್ಡಕ್ಕೆ ಹಂಡೆಯ ಬಾಯಿಗೆ ಮೆತ್ತುವ ಮಣ್ಣು ಅಂಟಿತ್ತು. ಎಷ್ಟು ಹರೆಯದವನಾಗಿದ್ದ! ಖಾತುನಬಿ ಮಗಳ ಪಕ್ಕದಲ್ಲಿ ಕುಳಿತು ನೀರಿಗೆ ಕೈ ಹಾಕಿದಳು. ಬೇರು ತೊಳೆಯುತ್ತ ತೊಳೆಯುತ್ತ ಆ ಹಾಡು ತಾನಾಗಿಯೇ ಬಾಯಿಗೆ ಬಂತು.

ಆಮೇಲೆ ನೆನಪುಗಳು ಒಂದೊಂದಾಗಿ ಬಂದವು. ಊದಿನ ಚಕ್ಕೆಯನ್ನು ಅವನು ಬೆರಳಲ್ಲಿ ಮುರಿದು ಹದ ನೋಡುತ್ತಿದ್ದುದು, ಬೆಂಕಿ ಜೋರಾದರೆ ಹಂಡೆಗೆ ಬೈಯುತ್ತಿದ್ದುದು, ಹೊಸ ಅತ್ತರನ್ನು ಮೊದಲು ಅವಳ ಸೆರಗಿನ ತುದಿಗೇ ಹಚ್ಚಿ ನೋಡುತ್ತಿದ್ದುದು. ನೆನಪಾದದ್ದನ್ನೆಲ್ಲ ಅವಳು ಹೇಳಿದಳು, ಮಗಳು ಹಾಗೇ ಮಾಡಿದಳು. ಶೀಶೆ ಖಾಲಿಯಾದ ದಿನ ತನಗೆ ಅಳು ಬರುತ್ತದೆ ಎಂದು ಖಾತುನಬಿ ಅಂದುಕೊಂಡಿದ್ದಳು. ಬರಲಿಲ್ಲ.

ಚಳಿಗಾಲಕ್ಕೆ ದಿಲಶಾದಳ ಅತ್ತರು ಹದಕ್ಕೆ ಬಂತು. ಖಾತುನಬಿ ಕಣ್ಣುಮುಚ್ಚಿ ಬಹಳ ಹೊತ್ತು ಮೂಸಿದಳು.

"ಅಬ್ಬಾನ ಅತ್ತರ ಬಂದೈತೇನಮ್ಮ?"

"ಇಲ್ಲ."

ದಿಲಶಾದಳ ಮುಖ ಬಾಡಿತು.

"ಅವರದರಾಗ ಊದು ಮುಂದಿತ್ತು. ಇದರಾಗ ಲಾವಂಚ ಮುಂದೈತಿ. ಇದು ನಿಂದು" ಎಂದಳು ಖಾತುನಬಿ. "ಅವರು ಇದ್ದಿದ್ರ ಇವತ್ತ ಓಣಿ ತುಂಬ ಹೇಳಿಕೋತ ತಿರಗತಿದ್ದರು. ಹಚ್ಚು ನನಗ." ಎಂದು ತನ್ನ ಕೈ ಚಾಚಿದಳು. ಗಂಡ ತೀರಿಕೊಂಡ ಮೇಲೆ ಅವಳು ಅತ್ತರು ಹಚ್ಚಿಕೊಂಡದ್ದು ಅದೇ ಮೊದಲು.

ಅಂದು ಸಂಜೆ ಅವಳು ಮಗಳ ಜೊತೆ ಅಂಗಡಿಯಲ್ಲಿ ಕುಳಿತಳು. ಹಳೆಯ ಗಿರಾಕಿಯೊಬ್ಬರು ದಾರಿಯಲ್ಲಿ ಹೋಗುತ್ತಿದ್ದವರು ಘಮಕ್ಕೆ ನಿಂತು, ಒಂದು ಹನಿ ಹಚ್ಚಿಸಿಕೊಂಡು, "ಮಕ್ತುಮಸಾಬಂದೇನಿದು?" ಎಂದು ಕೇಳಿದರು.

"ಅವರ ಮಗಳದು" ಎಂದಳು ಖಾತುನಬಿ. ಆಮೇಲೆ ಬೆಂಚಿನ ಮೇಲೆ ಜಾಗ ತೋರಿಸಿ, "ಕೂಡ್ರಿ ಕಾಕಾ, ಅವರು ಒಮ್ಮೆ ಏನ ಮಾಡಿದ್ರು ಅಂದ್ರ..." ಎಂದು ನಗುತ್ತ ಹೇಳತೊಡಗಿದಳು.

ನೀತಿ: ಅಗಲಿದವರ ನೆನಪನ್ನು ಬೀಗ ಹಾಕಿ ಇಟ್ಟರೆ ದುಃಖ ಮಾತ್ರ ಉಳಿಯುತ್ತದೆ. ಅವರು ಮಾಡುತ್ತಿದ್ದ ಒಳ್ಳೆಯ ಕೆಲಸವನ್ನು ಮುಂದಿನವರ ಕೈಗೆ ಕೊಡಬೇಕು. ಅದು ಮೊದಲಿನಂತೆಯೇ ಇರಲಿಕ್ಕಿಲ್ಲ. ಆದರೆ ಅದರಲ್ಲಿ ಅವರೂ ಬದುಕುತ್ತಾರೆ, ನಾವೂ ಬದುಕುತ್ತೇವೆ.