ನೂಲಿಯ ಹಸಿವು ಎಲ್ಲಿ ಹೋಯಿತು?

ಹತ್ತಿರ ಬನ್ನಿ. ಇನ್ನೂ ಹತ್ತಿರ. ಹ್ಞಾಂ, ಕೂತಿರಾ? ಕೇಳಿ.

ಕೆರೆ ಏರಿಯ ಕೆಳಗೆ ಒಂದು ಮನೆ. ಆ ಮನೆಯಲ್ಲಿ ಇಬ್ಬರು. ಮಾಳಿ ಅಂತ ಒಬ್ಬಳು ಹುಡುಗಿ, ಓಬಜ್ಜಿ ಅಂತ ಅವಳ ಅಜ್ಜಿ. ಅಲ್ಲ ಅಲ್ಲ, ಮೂವರು! ಬುಟ್ಟಿಯೊಳಗೆ ಒಂದು ಹಾವಿನ ಮರಿ ಇತ್ತು. ಕೇರೆ ಹಾವಿನ ಮರಿ. ವಿಷ ಇಲ್ಲ, ಗಿಷ ಇಲ್ಲ. ನೂಲಿನ ಹಾಗೆ ಸಣ್ಣಗಿತ್ತು. ಅದಕ್ಕೇ ಅದರ ಹೆಸರು ನೂಲಿ.

ಒಂದು ದಿನ ನೂಲಿಯ ಹಸಿವು ಕಳೆದುಹೋಯಿತು.

ಮಾಳಿ ಹಾಲು ಇಟ್ಟಳು. ನೂಲಿ ಮುಟ್ಟಲಿಲ್ಲ. ಮುದ್ದೆ ಇಟ್ಟಳು. ನೂಲಿ ಮೂಸಲಿಲ್ಲ. ದೊಡ್ಡ ಕಪ್ಪೆ ತಂದು ಬಿಟ್ಟಳು. ನೂಲಿಯೇ ಹೆದರಿ ಮೂಲೆ ಸೇರಿತು.

ಮಾಳಿಗೆ ನಿಂತಲ್ಲಿ ನಿಲ್ಲೋಕಾಗಲಿಲ್ಲ. ಮುಚ್ಚಳ ತೆಗೆದಳು, ನೋಡಿದಳು, ಮುಚ್ಚಿದಳು. ಮತ್ತೆ ತೆಗೆದಳು, ಎತ್ತಿದಳು, ಇಳಿಸಿದಳು. "ಉಣ್ಣೇ ನೂಲಿ, ಉಣ್ಣೇ!" ನೂಲಿ ಉಣ್ಣಲಿಲ್ಲ.

ಎಂಟು ದಿನ ಆಯಿತು. ನೂಲಿ ಬಡಕಲಾಯಿತು. ಬೆನ್ನಿನ ಮೂಳೆ ಕೈಗೆ ಸಿಗೋ ಹಾಗಾಯಿತು. ಮಾಳಿ ಅತ್ತೇಬಿಟ್ಟಳು.

"ಅಜ್ಜೀ, ನೂಲಿ ಸತ್ತುಹೋಗುತ್ತಾ?"

ಓಬಜ್ಜಿಯ ಅಪ್ಪ ಹಾವಾಡಿಗ. ಅವಳಿಗೆ ಹಾವಿನ ಕಷ್ಟಸುಖ ಗೊತ್ತು. ಬುಟ್ಟಿಯೊಳಗೆ ಬಗ್ಗಿ ನೋಡಿದಳು.

"ಹಾವು ಹಾಲು ಕುಡಿಯಲ್ಲ ಕಣೇ. ಮುದ್ದೆ ತಿನ್ನಲ್ಲ. ಇದಕ್ಕೆ ಬೆರಳಷ್ಟು ಕಪ್ಪೆಮರಿ ಸಾಕು, ಅದನ್ನ ನಾನು ಹಿಡೀತೀನಿ. ಆದರೆ ಇದಕ್ಕೆ ಹೆದರಿಕೆ. ಬುಟ್ಟಿ ತುಂಬ ಬೆಳಕು, ಬುಟ್ಟಿ ತುಂಬ ಗಾಳಿ. ಅಡಗಿಕೊಳ್ಳೋಕೆ ಜಾಗ ಇಲ್ಲ. ಸಣ್ಣ ಬಾಯಿಯ ಕುಡಿಕೆ ತಾ. ಕತ್ತಲ ಮನೆ ಮಾಡಿಕೊಡೋಣ. ಬೇಗ ಹೋಗು!"

ಓಡಿದಳು ಮಾಳಿ. ದಡದಡ ದಡದಡ. ಕುಂಬಾರ ತಿಪ್ಪಜ್ಜನ ಮನೆಗೆ ಬಂದಳು.

"ತಿಪ್ಪಜ್ಜಾ, ತಿಪ್ಪಜ್ಜಾ!
ನೂಲಿ ಉಣ್ತಿಲ್ಲ, ನೂಲಿಗೆ ಕುಡಿಕೆ ಬೇಕು.
ಒಂದು ಕುಡಿಕೆ ಕೊಡು!"

ತಿಪ್ಪಜ್ಜ ತಲೆ ಆಡಿಸಿದ. "ಕೊಡಲ್ಲಮ್ಮ. ಕುಡಿಕೆ, ಮಡಕೆ ಎಲ್ಲಾ ಕಟ್ಟಿಟ್ಟಿದ್ದೀನಿ. ನಾಳೆ ಬೆಳಗ್ಗೆ ಸಂತೆಗೆ ಹೋಗಬೇಕು. ಹಳೇ ಹಗ್ಗ, ಬಿಚ್ಚಿದರೆ ಪಟ್ಟಂತ ಹರಿಯುತ್ತೆ. ಹೊಸ ಹಗ್ಗ ತಾ. ಕುಡಿಕೆ ಕೊಡ್ತೀನಿ."

ನಾಳೆ ಸಂತೆ! ಕುಡಿಕೆ ಹೊರಟೇಹೋಗುತ್ತೆ! ಓಡಿದಳು ಮಾಳಿ. ದಡದಡ ದಡದಡ. ಹಗ್ಗ ಹೊಸೆಯೋ ಗುರವ್ವನ ಮನೆಗೆ ಬಂದಳು.

"ಗುರವ್ವಾ, ಗುರವ್ವಾ!
ನೂಲಿ ಉಣ್ತಿಲ್ಲ, ನೂಲಿಗೆ ಕುಡಿಕೆ ಬೇಕು.
ಕುಡಿಕೆ ತಿಪ್ಪಜ್ಜನ ಹತ್ತಿರ, ತಿಪ್ಪಜ್ಜನಿಗೆ ಹಗ್ಗ ಬೇಕು.
ಒಂದು ಮಾರು ಹಗ್ಗ ಕೊಡು!"

ಗುರವ್ವ ನಕ್ಕಳು. "ಹಗ್ಗ ಇದೆ ಮಗಳೇ. ಆದರೆ ನೋಡು, ಮನೆಯಿಂದ ಬೇಲಿವರೆಗೂ ಒಂದೇ ಹಗ್ಗ. ಕೊಯ್ಯೋದು ಹೇಗೆ? ನನ್ನ ಕುಡುಗೋಲು ಮೊಂಡು. ಬೆಣ್ಣೇನೂ ಕೊಯ್ಯಲ್ಲ. ಹರಿತ ಮಾಡಿಸಿಕೊಂಡು ಬಾ. ಹಗ್ಗ ಕೊಡ್ತೀನಿ."

ಮಾಳಿ ಕುಡುಗೋಲು ತಗೊಂಡಳು. ಕುಡುಗೋಲು ಹಿಡಿದು ಓಡಬಾರದಲ್ಲ? ಬಿರಬಿರ ನಡೆದಳು. ಕಾಲು ನಡೀತಿತ್ತು, ಮನಸ್ಸು ಓಡ್ತಿತ್ತು. ದಡದಡ ದಡದಡ. ಕಮ್ಮಾರ ಮಾನಣ್ಣನ ಕುಲುಮೆಗೆ ಬಂದಳು.

"ಮಾನಣ್ಣಾ, ಮಾನಣ್ಣಾ!
ನೂಲಿ ಉಣ್ತಿಲ್ಲ, ನೂಲಿಗೆ ಕುಡಿಕೆ ಬೇಕು.
ಕುಡಿಕೆ ತಿಪ್ಪಜ್ಜನ ಹತ್ತಿರ, ತಿಪ್ಪಜ್ಜನಿಗೆ ಹಗ್ಗ ಬೇಕು.
ಹಗ್ಗ ಗುರವ್ವನ ಹತ್ತಿರ, ಗುರವ್ವನಿಗೆ ಕುಡುಗೋಲು ಬೇಕು.
ಇದನ್ನ ಹರಿತ ಮಾಡಿಕೊಡು!"

ಮಾನಣ್ಣ ಕೈಕಟ್ಟಿ ಕೂತಿದ್ದ. "ಹೇಗೆ ಮಾಡಲಿ? ಬೆಂಕಿಗೆ ಗಾಳಿ ಊದೋ ತಿದಿ ಹರಿದುಹೋಗಿದೆ. ತಿದಿ ಇಲ್ಲದೆ ಗಾಳಿ ಇಲ್ಲ. ಗಾಳಿ ಇಲ್ಲದೆ ಬೆಂಕಿ ಇಲ್ಲ. ಬೆಂಕಿ ಇಲ್ಲದೆ ಕುಡುಗೋಲು ಇಲ್ಲ. ತಿದಿ ಹೊಲಿಸಿಕೊಂಡು ಬಾ. ಹರಿತ ಮಾಡಿಕೊಡ್ತೀನಿ."

ಮಾಳಿ ಕುಡುಗೋಲು ಅಲ್ಲೇ ಇಟ್ಟಳು. ತಿದಿಯ ತೊಗಲನ್ನು ತಲೆ ಮೇಲೆ ಹೊತ್ತಳು. ಓಡಿದಳು. ದಡದಡ ದಡದಡ. ಚಪ್ಪಲಿ ಹೊಲಿಯೋ ದುರುಗಣ್ಣನ ಹತ್ತಿರ ಬಂದಳು.

"ದುರುಗಣ್ಣಾ, ದುರುಗಣ್ಣಾ!
ನೂಲಿ ಉಣ್ತಿಲ್ಲ, ನೂಲಿಗೆ ಕುಡಿಕೆ ಬೇಕು.
ಕುಡಿಕೆ ತಿಪ್ಪಜ್ಜನ ಹತ್ತಿರ, ತಿಪ್ಪಜ್ಜನಿಗೆ ಹಗ್ಗ ಬೇಕು.
ಹಗ್ಗ ಗುರವ್ವನ ಹತ್ತಿರ, ಗುರವ್ವನಿಗೆ ಕುಡುಗೋಲು ಬೇಕು.
ಕುಡುಗೋಲು ಮಾನಣ್ಣನ ಹತ್ತಿರ, ಮಾನಣ್ಣನಿಗೆ ತಿದಿ ಬೇಕು.
ಈ ತಿದಿ ಹೊಲಿದುಕೊಡು!"

"ಉಸಿರು ಬಿಡೇ ತಾಯಿ!" ಅಂದ ದುರುಗಣ್ಣ. "ಹೊಲೀತಿದ್ದೆ. ಆದರೆ ನನ್ನ ದಬ್ಬಣ ಇಲ್ಲ. ದಪ್ಪ ಸೂಜಿ ಬೇಕು ಅಂತ ಪಾರಕ್ಕ ಕೌದಿ ಹೊಲಿಯೋಕೆ ತಗೊಂಡು ಹೋದಳು. ಬೆರಳಲ್ಲಿ ತೊಗಲು ಹೊಲಿಯಲಾ? ದಬ್ಬಣ ತಾ. ತಿದಿ ಹೊಲಿದುಕೊಡ್ತೀನಿ."

ಬಿಸಿಲು ನೆತ್ತಿಗೆ ಬಂತು. ನೂಲಿ ಏನು ಮಾಡ್ತಿದೆಯೋ! ಮಾಳಿ ಓಡಿದಳು. ದಡದಡ ದಡದಡ. ಪಾರಕ್ಕನ ಮನೆಗೆ ಬಂದಳು.

"ಪಾರಕ್ಕಾ, ಪಾರಕ್ಕಾ!
ನೂಲಿ ಉಣ್ತಿಲ್ಲ, ನೂಲಿಗೆ ಕುಡಿಕೆ ಬೇಕು.
ಕುಡಿಕೆ ತಿಪ್ಪಜ್ಜನ ಹತ್ತಿರ, ತಿಪ್ಪಜ್ಜನಿಗೆ ಹಗ್ಗ ಬೇಕು.
ಹಗ್ಗ ಗುರವ್ವನ ಹತ್ತಿರ, ಗುರವ್ವನಿಗೆ ಕುಡುಗೋಲು ಬೇಕು.
ಕುಡುಗೋಲು ಮಾನಣ್ಣನ ಹತ್ತಿರ, ಮಾನಣ್ಣನಿಗೆ ತಿದಿ ಬೇಕು.
ತಿದಿ ದುರುಗಣ್ಣನ ಹತ್ತಿರ, ದುರುಗಣ್ಣನಿಗೆ ದಬ್ಬಣ ಬೇಕು.
ದಬ್ಬಣ ಕೊಡು!"

"ಕುವ್ವಾ! ಕುವ್ವಾ!" ಅಂತು ಪಾರಕ್ಕನ ಮಗು.

"ನೋಡಮ್ಮ ಮಾಳಿ," ಅಂದಳು ಪಾರಕ್ಕ. "ಕೌದಿಗೆ ಇನ್ನೊಂದೇ ಅಂಚು ಬಾಕಿ. ಅದನ್ನ ಹೊಲಿದರೆ ದಬ್ಬಣ ನಿನ್ನದೇ. ಆದರೆ ಇವನು ಬೆಳಗಿಂದ ಮಲಗಿಲ್ಲ, ನನ್ನ ಕೈ ಬಿಟ್ಟಿಲ್ಲ. ಇವನನ್ನ ಮಲಗಿಸು. ದಬ್ಬಣ ಕೊಡ್ತೀನಿ."

ಮಾಳಿ ಕಾಲು ಚಾಚಿ ಕೂತಳು. ಮಗುವನ್ನು ಕಾಲ ಮೇಲೆ ಹಾಕಿಕೊಂಡಳು. ಬೇಗ ಬೇಗ ತೂಗಿದಳು. ಮಗು "ಕುವ್ವಾ!" ಅಂತು. ಬಗ್ಗಿ ನೋಡಿದಳು, "ಮಲಗಿದೆಯಾ?" ಅಂತ ಕೆನ್ನೆ ಮುಟ್ಟಿದಳು. ಮಗು "ಕುವ್ವಾ! ಕುವ್ವಾ!" ಅಂತು.

"ಮಲಗೋ ಮಲಗೋ! ನನಗೆ ಹೊತ್ತಾಯ್ತು!" ಅಂದಳು. ಮಗು ಊರೇ ಕೇಳೋ ಹಾಗೆ ಕಿರುಚಿತು.

ಪಾರಕ್ಕ ಮೆಲ್ಲಗೆ ಹೇಳಿದಳು. "ಅದನ್ನ ಮುಟ್ಟಬೇಡ. ಮಾತಾಡಿಸಬೇಡ. ಸುಮ್ಮನೆ ಇರು. ನಿನ್ನ ಕಾಲು ಬೆಚ್ಚಗಿದೆ, ಅಷ್ಟು ಸಾಕು ಅದಕ್ಕೆ."

ಸುಮ್ಮನೆ ಇರೋದಾ? ಮಾಳಿಗೆ? ಅಯ್ಯೋ, ಎಷ್ಟು ಕಷ್ಟ! ಪಾದದ ಮೇಲೆ ಇರುವೆ ಹತ್ತಿತು. ಮಾಳಿ ಅಲುಗಲಿಲ್ಲ. ಮೂಗಿನ ಮೇಲೆ ನೊಣ ಕೂತಿತು. ಮಾಳಿ ಅಲುಗಲಿಲ್ಲ. ಹೊರಗೆ ಯಾವುದೋ ನಾಯಿ ಬೊಗಳಿತು. ಮಾಳಿ ತಿರುಗಿಯೂ ನೋಡಲಿಲ್ಲ.

ಮಗುವಿನ ಒಂದು ಕಣ್ಣು ಮುಚ್ಚಿತು. ಇನ್ನೊಂದು ಕಣ್ಣು ಮುಚ್ಚಿತು. ಬಾಯಿ ತೆರೆಯಿತು. ಗೊರ್... ಗೊರ್...

ಆಗ ಏನಾಯಿತು ಗೊತ್ತಾ?

ಮಗು ಮಲಗಿತು. ಪಾರಕ್ಕ ಅಂಚು ಹೊಲಿದಳು, ದಬ್ಬಣ ಕೊಟ್ಟಳು.
ದಬ್ಬಣ ಸಿಕ್ಕಿತು. ದುರುಗಣ್ಣ ತಿದಿ ಹೊಲಿದ.
ತಿದಿ ಬುಸ್ ಬುಸ್ ಅಂತ ಊದಿತು. ಮಾನಣ್ಣ ಕುಡುಗೋಲು ಕಾಯಿಸಿದ, ತಟ್ಟಿದ, ಮಸೆದ.
ಕುಡುಗೋಲು ಹರಿತವಾಯಿತು. ಗುರವ್ವ ಕರಕ್ಕಂತ ಹಗ್ಗ ಕೊಯ್ದಳು.
ಹಗ್ಗ ಬಂತು. ತಿಪ್ಪಜ್ಜ ಕಟ್ಟು ಬಿಚ್ಚಿದ, ಕುಡಿಕೆ ತೆಗೆದ. ಸಣ್ಣ ಬಾಯಿ, ದುಂಡು ಹೊಟ್ಟೆ, ಒಳಗೆ ಕತ್ತಲೋ ಕತ್ತಲು!

ಮಾಳಿ ಕುಡಿಕೆಯನ್ನು ಎದೆಗೆ ಅವಚಿಕೊಂಡು ಮನೆಗೆ ಬಂದಳು.

ಓಬಜ್ಜಿ ಬುಟ್ಟಿಯನ್ನು ಒಲೆಯ ಹಿಂದಿನ ಗೋಡೆಗೆ ಒತ್ತಿಟ್ಟಳು. ಅಲ್ಲಿ ಬೆಚ್ಚಗೆ. ಬುಟ್ಟಿಯೊಳಗೆ ಒಣ ಎಲೆ ಹಾಸಿದಳು. ಕುಡಿಕೆಯನ್ನು ಅಡ್ಡ ಮಲಗಿಸಿದಳು. ಚಿಪ್ಪಿನಲ್ಲಿ ನೀರು ಇಟ್ಟಳು. ಬೆರಳಷ್ಟು ಕಪ್ಪೆಮರಿ ಬಿಟ್ಟಳು.

ನೂಲಿ ನಾಲಿಗೆ ಚಾಚಿತು. ಕುಡಿಕೆಯ ಬಾಯಿ ನೋಡಿತು. ಸರ್ ಅಂತ ಒಳಗೆ ಹೋಯಿತು. ಬಾಲವೂ ಒಳಗೆ!

ಅಜ್ಜಿ ಮುಚ್ಚಳ ಮುಚ್ಚಿದಳು. "ಇನ್ನು ಬಿಟ್ಟುಬಿಡಬೇಕು ಮಗಳೇ. ತೆಗೆದು ನೋಡಿದರೆ ಮತ್ತೆ ಹೆದರುತ್ತೆ."

ಮಾಳಿ ಬುಟ್ಟಿಯ ಪಕ್ಕ ಕೂತಳು. ಕೈ ತುರಿಸಿತು, ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡಳು. ಕಾಲು ಕುಣಿಯಿತು, ಕಾಲನ್ನು ಮಡಿಸಿಕೊಂಡಳು. ಉಂಡಿತಾ? ಉಂಡಿಲ್ಲವಾ? ಉಂಡಿತಾ? ಉಂಡಿಲ್ಲವಾ? ಬಿಸಿಲು ಅಂಗಳದಿಂದ ಗೋಡೆಗೆ ಹತ್ತಿತು. ಮಾಳಿ ಮುಚ್ಚಳ ಮುಟ್ಟಲಿಲ್ಲ.

ಬುಟ್ಟಿಯೊಳಗೆ ಎಲೆ ಸರಸರ ಅಂತು. ಒಂದು ಸಲ ಟಪ್ ಅಂತು. ಆಮೇಲೆ ಸದ್ದೇ ಇಲ್ಲ.

ತುಂಬ ಹೊತ್ತಾದ ಮೇಲೆ ಅಜ್ಜಿ ಬಂದಳು. ಮುಚ್ಚಳವನ್ನು ಕೂದಲೆಳೆಯಷ್ಟು ಸರಿಸಿದಳು. "ನೋಡು."

ಕಪ್ಪೆಮರಿ ಇರಲಿಲ್ಲ. ಕುಡಿಕೆಯೊಳಗೆ, ಬಾಯಿಯ ಹತ್ತಿರವೇ, ನೂಲಿ ಸುರುಳಿ ಸುತ್ತಿ ಮಲಗಿತ್ತು. ಸಣ್ಣ ನೂಲಿನ ನಡುವೆ ಒಂದು ದಪ್ಪ ಗಂಟು. ಅದು ಅದರ ತುಂಬಿದ ಹೊಟ್ಟೆ!

ಮಗು ಮಲಗಿತು, ದಬ್ಬಣ ಬಂತು.
ದಬ್ಬಣ ಬಂತು, ತಿದಿ ಊದಿತು.
ತಿದಿ ಊದಿತು, ಕುಡುಗೋಲು ಕೊಯ್ದಿತು.
ಕುಡುಗೋಲು ಕೊಯ್ದಿತು, ಹಗ್ಗ ಸಿಕ್ಕಿತು.
ಹಗ್ಗ ಸಿಕ್ಕಿತು, ಕುಡಿಕೆ ಬಂತು.
ಕುಡಿಕೆ ಬಂತು, ಹೆದರಿಕೆ ಹೋಯಿತು.
ಹೆದರಿಕೆ ಹೋಯಿತು, ಹಸಿವು ಬಂತು.
ನೂಲಿ ಉಂಡಿತು!

"ಎಲ್ಲಿ, ಹೊಟ್ಟೆ ಎಷ್ಟು ದಪ್ಪ ಆಗಿದೆ ನೋಡೋಣ," ಅಂತ ಓಬಜ್ಜಿ ಇನ್ನೂ ಸ್ವಲ್ಪ ಬಗ್ಗಿದಳು.

ಮಾಳಿ ಅಜ್ಜಿಯ ಸೆರಗು ಹಿಡಿದು ಹಿಂದೆ ಎಳೆದಳು.

"ಶ್! ಮುಚ್ಚಜ್ಜೀ," ಅಂದಳು. "ಅದು ಮಲಗಲಿ."