ನಾಯಿಯ ಹಲ್ಲಿಗೆ ಆಳಿನ ಹಲ್ಲು

ಮುಳ್ಳುಗುಡ್ಡದ ಪಾಳೇಗಾರ ಸಿಂಗಪ್ಪನಾಯಕನಿಗೆ ಇಬ್ಬರು ಹೆಂಡತಿಯರಿದ್ದರು; ಪ್ರೀತಿ ಮಾತ್ರ ನಾಯಿಯ ಮೇಲೆ. ನಾಯಿಯ ಹೆಸರು ಸರದಾರ. ಅದರ ಬಾಯಿ ಎಂಥಾ ನಾತ ಹೊಡೆಯುತ್ತಿತ್ತೆಂದರೆ, ಅದು ಒಮ್ಮೆ ಆಕಳಿಸಿದರೆ ಆಸ್ಥಾನದ ಪಂಡಿತರು ಶ್ಲೋಕವನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಅದೊಂದು ಒಳ್ಳೆಯದೇ ಆಯಿತೆನ್ನಿ.

ಒಂದು ದಿನ ಸರದಾರನ ಹಲ್ಲೊಂದು ಹುಳುಕಾಗಿ ಬಿದ್ದೇ ಹೋಯಿತು. ನಾಯಕ ಕೆಂಡಾಮಂಡಲವಾದ. ನಾಯಿ ನೋಡಿಕೊಳ್ಳುವ ಚಿಕ್ಕೀರನನ್ನು ಸಭೆಗೆ ಎಳೆತರಿಸಿದ.

"ನನ್ನ ಸರದಾರನದು ಒಂದು ಹಲ್ಲು ಹೋದರೆ ನಿನ್ನದೂ ಒಂದು ಹೋಗಬೇಕು! ಎಲ್ಲಿ ಆ ಮುಪ್ಪಣ್ಣ?"

ಮುಪ್ಪಣ್ಣ ಅರಮನೆಯ ಕ್ಷೌರಿಕ. ಆ ಕಾಲದಲ್ಲಿ ಗಡ್ಡ ಹೆರೆಯುವವನೇ ಹಲ್ಲನ್ನೂ ಕೀಳುತ್ತಿದ್ದ. ದಿನಾ ನಾಯಕನ ಕುತ್ತಿಗೆಯ ಮೇಲೆ ಕತ್ತಿ ಆಡಿಸುವವನಿಗೆ ನಾಯಕನ ಭಯ ಅಷ್ಟಕ್ಕಷ್ಟೆ. ಇಕ್ಕಳ ಹಿಡಿದು ನಿಧಾನವಾಗಿ ಬಂದ.

ಚಿಕ್ಕೀರ ಅವನ ಕಿವಿಯಲ್ಲಿ ಅಳುತ್ತಾ ಪಿಸುಗುಟ್ಟಿದ. "ಬೆಳಗಾದ್ರೆ ಬೆರಳಿಗೆ ಒದ್ದೆ ಬಟ್ಟೆ ಸುತ್ಕೊಂಡು ಅದರ ಹಲ್ಲು ಉಜ್ತೀನಣ್ಣಾ. ನನ್ನ ಹಲ್ಲನ್ನೂ ಅಷ್ಟು ಉಜ್ಜಿಲ್ಲ! ಯಾರೋ ಸಿಹಿ ತಿನ್ನಿಸ್ತಾರೆ. ದಿನಾ ಹಲ್ಲಿನ ಸಂದಿಯಲ್ಲಿ ಹೂರಣ ಸಿಗುತ್ತೆ."

"ಹೂರಣವೋ?" ಎಂದ ಮುಪ್ಪಣ್ಣ. ಆಮೇಲೆ ನಾಯಕನತ್ತ ತಿರುಗಿದ. "ಬುದ್ಧಿ, ಹಲ್ಲು ಕೆಡಿಸಿದವರದನ್ನೇ ಕಿತ್ತರೆ ನ್ಯಾಯ. ಯಾರೇ ಆಗಲಿ, ಕೀಳಲೇ?"

"ಯಾರೇ ಆಗಲಿ ಕೀಳು! ದಿವಾನರಾದರೂ ಸರಿ. ನಮ್ಮತ್ತೆಯಾದರೆ ಎರಡು ಕೀಳು!"

"ಹಾಗಾದರೆ ಸರದಾರನನ್ನೇ ಕೇಳೋಣ. ಬಿಚ್ಚಿ ಅವನನ್ನ."

ಸರಪಳಿ ಬಿಚ್ಚಿದರು. ಸರದಾರ ಚಿಕ್ಕೀರನನ್ನು ಕಂಡದ್ದೇ, ಮತ್ತೆ ಹಲ್ಲುಜ್ಜಲು ಬಂದನೆಂದು ಬಾಯಿ ಬಿಗಿಯಾಗಿ ಮುಚ್ಚಿ ಕಂಬದ ಹಿಂದೆ ಸರಿಯಿತು. ದಿವಾನರ ಕೈ ಮೂಸಿತು, ಬೇಡವೆಂದಿತು. ಪಂಡಿತರನ್ನಂತೂ ತಿರುಗಿಯೂ ನೋಡಲಿಲ್ಲ. ಆಮೇಲೆ ಒಂದೇ ನೆಗೆತಕ್ಕೆ ಸಿಂಹಾಸನ ಹತ್ತಿ, ನಾಯಕನ ನಡುಪಟ್ಟಿಯೊಳಗೆ ಮೂತಿ ತೂರಿಸಿ, ಅರ್ಧ ಒಬ್ಬಟ್ಟು ಎಳೆದುಕೊಂಡು ಅಲ್ಲೇ ತಿನ್ನತೊಡಗಿತು.

ನಾಯಕನ ಮೀಸೆ ಇಳಿಯಿತು.

ಮುಪ್ಪಣ್ಣ ಇಕ್ಕಳವನ್ನು ಹೆಗಲ ವಸ್ತ್ರಕ್ಕೆ ಒರೆಸಿಕೊಂಡು ಸಿಂಹಾಸನದ ಹತ್ತಿರ ಹೋದ.

"ಬುದ್ಧಿ, ಸ್ವಲ್ಪ 'ಆ' ಅನ್ನಿ."

"ಲೋ ಲೋ, ತಡಿಯೋ! ನಾನು ಪ್ರೀತಿಯಿಂದ ಕೊಟ್ಟದ್ದು ಕಣೋ!"

"ಅದಕ್ಕೇನಂತೆ ಬುದ್ಧಿ? ನಾನೂ ಪ್ರೀತಿಯಿಂದಲೇ ಕೀಳ್ತೀನಿ."

ನಾಯಕನಿಗೆ ನಗು ತಡೆಯಲಾಗಲಿಲ್ಲ; ಹೊಟ್ಟೆ ಕುಣಿಯಿತು, ಕಣ್ಣಲ್ಲಿ ನೀರು ಬಂತು. ಕೈಸನ್ನೆಯಲ್ಲೇ ಚಿಕ್ಕೀರನನ್ನು ಬಿಡಿಸಿದ, ಕೈಯ ಉಂಗುರ ತೆಗೆದು ಮುಪ್ಪಣ್ಣನಿಗೆ ಕೊಟ್ಟ. ಇಕ್ಕಳ ಪೆಟ್ಟಿಗೆ ಸೇರುವವರೆಗೂ ಬಾಯಿ ಮಾತ್ರ ತೆರೆಯಲಿಲ್ಲ.